ತಾಯಿಮರದ ಮಣ್ಣು

ನಮ್ಮಣ್ಣನಿಗೆ ಕುಡಿತದ ಚಟವಿದ್ದಿದ್ದರೆ ಬೈದೋ ಬೇಡಿಕೊಂಡೋ ಹೇಗಾದರೂ ಬಿಡಿಸುತ್ತಿದ್ದೆ. ಅವನಿಗಿದ್ದದ್ದು ಮರದ ಹುಚ್ಚು. ಅದೂ ಒಂದೇ ಒಂದು ಮರದ್ದು.

ಅರಣ್ಯ ಇಲಾಖೆಯ ಸಸಿತೋಟದಲ್ಲಿ ಅವನು ಮಾಲಿ. ಅತ್ತಿಗೆ ತೀರಿಕೊಂಡ ಮೇಲೆ ನನ್ನ ಮನೆಯ ಹಿಂದಿನ ಕೋಣೆಗೆ ಬಂದು ಸೇರಿಕೊಂಡ. ಮುಂದಿನ ಕೋಣೆಯಲ್ಲಿ ನನ್ನ ಹೊಲಿಗೆ ಮಿಷನ್ನು, ಗಿರಾಕಿಗಳ ರವಿಕೆ, ಕತ್ತರಿಸಿದ ಬಟ್ಟೆಯ ಚೂರು. ಹಿಂದೆ ಅವನ ಮಂಚ, ಮಂಚದ ಕೆಳಗೆ ಕೆಸರು ಮೆತ್ತಿದ ಬೂಟು, ಸಲಿಕೆ, ಗೋಣಿಚೀಲ. ಅವನಿಗೆ ಮಕ್ಕಳಾಗಿರಲಿಲ್ಲ. ಕೇಳಿದ್ದಕ್ಕೆ ಹೂಂ, ಉಹೂಂ ಬಿಟ್ಟರೆ ಮಾತಿಲ್ಲ. ಮರದ ಸುದ್ದಿ ಬಂದರೆ ಮಾತ್ರ ಅವನ ಬಾಯಿಗೆ ಬೀಗವಿರುತ್ತಿರಲಿಲ್ಲ.

ಮರವಿದ್ದದ್ದು ಮಳೆಕಾಡಿನ ಒಳಗೆ, ಬಸ್ಸಿಳಿದು ಬಹಳ ಹೊತ್ತು ನಡೆಯುವಷ್ಟು ದೂರ. ಆ ಜಾತಿಯವು ಹಿಂದೆ ಬೇಕಾದಷ್ಟಿದ್ದವಂತೆ. ಹಲಗೆಗೆಂದು ಕಡಿದು ಕಡಿದು, ಬೀಜ ಕಟ್ಟುವಷ್ಟು ದೊಡ್ಡದು ಇದೊಂದೇ ಉಳಿದಿತ್ತು. ಅದು ಬೇಳೆಕಾಳುಗಳ ಕುಲಕ್ಕೇ ಸೇರಿದ ಮರ ಎಂದು ಅವನು ಹೇಳಿದ ದಿನ ನನಗೆ ನಗು ತಡೆಯಲಾಗಲಿಲ್ಲ.

"ಹಾಗಾದ್ರೆ ಒಂದು ಹಿಡಿ ತಂದ್ಕೊಡು, ಬೇಯಿಸಿ ನೋಡ್ತೀನಿ," ಎಂದೆ.

"ನಿನ್ನ ಬೇಳೆ ಅಲ್ಲಿ ಬೇಯಲ್ಲ ಬಿಡು. ಅದು ಕಾಯಿ ಬಿಡೋದೇ ನಾಲ್ಕೈದು ವರ್ಷಕ್ಕೊಂದ್ಸಲ."

ಅವನು ತಮಾಷೆ ಮಾಡುತ್ತಿದ್ದದ್ದೂ ಹಾಗೆಯೇ, ಅಪರೂಪಕ್ಕೆ.

ಕಾಯಿ ಬಿಟ್ಟ ವರ್ಷ ಬೀಜ ತಂದು ಕುಂಡಗಳಲ್ಲಿ ಹಾಕಿದ. ಮೊಳಕೆ ಬಂತು. ಗೇಣುದ್ದ ಬೆಳೆದ ಸಸಿಗಳು ಒಂದೊಂದಾಗಿ ಹಳದಿ ತಿರುಗಿ ಸಾಯತೊಡಗಿದವು. ಅಣ್ಣ ಊಟ ಬಿಟ್ಟ. ಆಗ ತೋಟದ ಸಾಹೇಬರು ಒಂದು ದಾರಿ ಹೇಳಿದರು: ಇಂಥ ಗಿಡಗಳ ಬೇರಿನಲ್ಲಿ ಸಣ್ಣ ಗಂಟುಗಳಿರುತ್ತವೆ, ಕಣ್ಣಿಗೆ ಕಾಣದ ಜೀವಿಗಳು ಅದರೊಳಗೆ ಸೇರಿಕೊಂಡು ಗಿಡಕ್ಕೆ ಊಟ ಒದಗಿಸುತ್ತವೆ, ಅವು ತಾಯಿಮರದ ಬುಡದ ಮಣ್ಣಿನಲ್ಲಿರಬಹುದು, ತಂದು ನೋಡು. ಅಣ್ಣ ಒಂದು ಚೀಲ ತಂದ. ಉಳಿದ ಸಸಿಗಳಿಗೆ ಹಿಡಿಹಿಡಿಯಾಗಿ ಹಾಕಿದ. ಸಾಹೇಬರ ಮಾತು ಸುಳ್ಳಾಗಲಿಲ್ಲ, ಸಸಿಗಳು ಹಸಿರಾದವು. ಅಂದು ಮನೆಗೆ ಬಂದವನು ಬೂಟು ಕೂಡ ಬಿಚ್ಚದೆ ಹೊಸಿಲ ಮೇಲೆ ಕೂತು ಅತ್ತುಬಿಟ್ಟ. ಅತ್ತಿಗೆ ಹೋದಾಗಲೂ ನನ್ನೆದುರು ಅತ್ತವನಲ್ಲ.

ಅಲ್ಲಿಂದ ಅದೇ ರೂಢಿಯಾಯಿತು. ಸಸಿಗಳನ್ನು ದೊಡ್ಡ ಕುಂಡಕ್ಕೆ ಬದಲಾಯಿಸುವಾಗಲೆಲ್ಲ ತಾಯಿಮಣ್ಣು ಬೇಕು. ತರಲು ಹೋಗುವಾಗ ಅವನು ಬರಿಗೈಯಲ್ಲಿ ಹೋಗುತ್ತಿರಲಿಲ್ಲ. ಸಸಿತೋಟದ ಗೊಬ್ಬರ ಬೆರೆತ ಮಣ್ಣನ್ನು ಚೀಲದಲ್ಲಿ ಹೊತ್ತೊಯ್ದು, ಮರದ ಬುಡದಲ್ಲಿ ತಾನು ಅಗೆದ ಗುಂಡಿಗೆ ತುಂಬಿ, ಕೈಯಿಂದ ತಟ್ಟಿ ಬರುತ್ತಿದ್ದ. ಹಾಗೆ ಮಾಡೆಂದು ಅವನಿಗೆ ಯಾರೂ ಹೇಳಿರಲಿಲ್ಲ.

"ಕಾಡಿಗೆ ಮಣ್ಣು ಹೊರೋ ಗಂಡಸನ್ನ ಲೋಕದಲ್ಲಿ ಎಲ್ಲೂ ಕಾಣೆ," ಎನ್ನುತ್ತಿದ್ದೆ, ಅವನ ಬೆನ್ನಿಗೆ ಎಣ್ಣೆ ತಿಕ್ಕುತ್ತ.

"ತಗೊಂಡ್ಮೇಲೆ ಕೊಡ್ಬೇಕಲ್ವೇನೇ? ತಾಯಿ ಬುಡ ಅಗೆದು ಹಾಗೇ ಬಿಟ್ಟು ಬರೋಕಾಗುತ್ತಾ?"

ಜೊತೆಗೆ ಯಾರನ್ನೂ ಕರೆದೊಯ್ಯುತ್ತಿರಲಿಲ್ಲ. ತೋಟದವರು ಬರುತ್ತೇವೆಂದರೂ, ತುಳಿದಾಡಿದರೆ ಬೇರಿಗೆ ನೋವಾಗುತ್ತದೆ ಎಂದು ತಪ್ಪಿಸುತ್ತಿದ್ದ. ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರಲ್ಲ, ಹೆರದೆಯೂ ಆ ಮರ ಅವನಿಗೆ ಅಷ್ಟು ಮುದ್ದು.

ಕಾಯಿ ಬಿಟ್ಟು ಎರಡು ವರ್ಷವೂ ಆಗಿರಲಿಲ್ಲ, ಮರ ಮತ್ತೆ ಹೂ ಬಿಟ್ಟಿತು. ಅಣ್ಣನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ನೀನೂ ನೋಡಬೇಕು ಎಂದು ಮಂಡಿನೋವಿನ ನನ್ನನ್ನು ಎಳೆದುಕೊಂಡು ಹೊರಟ. ಹೂವಿನ ಸುದ್ದಿ ಕೇಳಿ ದೊಡ್ಡ ಕಚೇರಿಯಿಂದ ಗಿಡಗಳ ರೋಗ ನೋಡುವ ಡಾಕ್ಟರಮ್ಮನೂ ಬಂದಿದ್ದರು. ದಾರಿಯುದ್ದಕ್ಕೂ ನಾನು ಜಿಗಣೆಗೊಂದು, ಅಣ್ಣನಿಗೊಂದು ಶಾಪ ಹಾಕಿದೆ. ಮರದೆದುರು ನಿಂತು ತಲೆಯೆತ್ತಿದೆ. ಎಲೆ ಕಡಿಮೆ, ಹೂವೇ ಹೂವು. ಕೆಂಪು ಗೊಂಚಲುಗಳು ಕೊಂಬೆಯಿಂದ ಕೆಳಕ್ಕೆ ಜೋತುಬಿದ್ದಿದ್ದವು, ನೆಲವೂ ಕೆಂಪಾಗಿತ್ತು. ಇಂಥದ್ದನ್ನು ನೋಡಿದವನಿಗೆ ಹುಚ್ಚು ಹಿಡಿಯದೆ ಇನ್ನೇನಾದೀತು ಅನ್ನಿಸಿತು.

"ನಾನು ಕೊಟ್ಟ ಮಣ್ಣು ಅದಕ್ಕೆ ಹಿಡಿಸಿದೆ," ಎಂದ ಅಣ್ಣ. ಮುಖದಲ್ಲಿ ಮದುವಣಿಗನ ಕಳೆ.

ಡಾಕ್ಟರಮ್ಮ ಹೂವಿನ ಕಡೆ ಹೆಚ್ಚು ಹೊತ್ತು ನೋಡಲಿಲ್ಲ. ತುದಿಯಲ್ಲಿ ಒಣಗಿದ್ದ ಕೊಂಬೆಗಳನ್ನು ನೋಡಿ, ಬುಡದಲ್ಲಿ ಕೂತು ಮಣ್ಣು ಕೆದಕಿದರು. ಬೇರು ಕಪ್ಪಾಗಿತ್ತು. ಬೆರಳಲ್ಲಿ ಹಿಡಿದೆಳೆದರೆ ನೆನೆಸಿದ ಕಾಳಿನ ಸಿಪ್ಪೆಯಂತೆ ತೊಗಟೆ ಜಾರಿ ಬಂತು. ಅವರು ಚೂರು ಬೇರನ್ನೂ ಮಣ್ಣನ್ನೂ ಪೊಟ್ಟಣ ಕಟ್ಟಿಕೊಂಡರು. ಅಣ್ಣ ಅದನ್ನು ನೋಡುತ್ತ ನಿಂತ.

ಕೆಲವು ವಾರಗಳ ಮೇಲೆ ಡಾಕ್ಟರಮ್ಮ ಸೀದಾ ನಮ್ಮ ಮನೆಗೇ ಬಂದರು. ಮಿಷನ್ನಿನ ಪಕ್ಕದ ಸ್ಟೂಲಿನ ಮೇಲೆ ಕೂತರು. ನಾನು ಕೊಟ್ಟ ನೀರನ್ನು ಕುಡಿಯದೆ ಕೈಯಲ್ಲೇ ಹಿಡಿದುಕೊಂಡಿದ್ದರು.

"ಬೇರು ಕೊಳೆಯೋ ರೋಗ. ಮರ ಉಳಿಯಲ್ಲ," ಎಂದರು. "ಸಾಯೋ ಮುಂಚೆ ಕೆಲವು ಮರ ಹೀಗೇ ಮೈತುಂಬ ಹೂ ಬಿಡುತ್ತವೆ."

"ಎಲ್ಲಿಂದ ಬಂತು?" ಅಣ್ಣ ಕೇಳಿದ.

"ಆ ಕಾಡಲ್ಲಿ ಬೇರೆಲ್ಲೂ ಇಲ್ಲ. ಸಸಿತೋಟದ ಮಣ್ಣಲ್ಲಿ ಇದೆ. ಯಾರದೋ ಬೂಟಿಗೋ ಸಲಿಕೆಗೋ ಅಂಟ್ಕೊಂಡು ಹೋಗಿರ್ಬೇಕು. ಯಾರು ಅಂತ ಹೇಳೋಕಾಗಲ್ಲ."

ಅವರು ಅವನನ್ನು ಉಳಿಸಲು ನೋಡುತ್ತಿದ್ದಾರೆಂದು ನನಗೆ ಗೊತ್ತಾಯಿತು. ಅವನಿಗೂ ಗೊತ್ತಾಯಿತು.

"ಅಲ್ಲಿಗೆ ಹೋಗೋನು ನಾನೊಬ್ಬನೇ ಮೇಡಂ. ಬೂಟಲ್ಲಲ್ಲ, ಚೀಲದಲ್ಲಿ ಹೋಗಿದೆ. ನಾನೇ ಹೊತ್ಕೊಂಡು ಹೋಗಿ ತುಂಬ್ಸಿದೀನಿ."

"ಮಣ್ಣಿಗೆ ರೋಗ ಅಂತ ನಿಮ್ಮ ತೋಟದಲ್ಲಿ ಒಬ್ಬರಾದ್ರೂ ಬಾಯಿ ಬಿಟ್ಟಿದ್ರಾ?" ಎಂದು ಅವರ ಮೇಲೆ ಹರಿಹಾಯ್ದೆ.

"ನಮಗೂ ಗೊತ್ತಿರ್ಲಿಲ್ಲ ಅಕ್ಕಾ," ಎಂದರು ಆಕೆ. ಆ ಮಾತು ನಿಜವೇ ಇದ್ದಿರಬೇಕು. ನಿಜವಾಗಿದ್ದಕ್ಕೇ ನನ್ನ ಸಿಟ್ಟು ಇನ್ನೂ ಹೆಚ್ಚಾಯಿತು, ಯಾರ ಮೇಲೆ ತೀರಿಸಿಕೊಳ್ಳಲಿ?

ಅಣ್ಣನಿಗೆ ಇನ್ನೊಂದು ಆಸೆ ಉಳಿದಿತ್ತು. "ಸಸಿಗಳು ಇವೆಯಲ್ಲ?" ಎಂದ. ಡಾಕ್ಟರಮ್ಮ ನೀರಿನ ಲೋಟ ಕೆಳಗಿಟ್ಟರು. ಸಸಿಗಳಿದ್ದದ್ದೂ ಅದೇ ತೋಟದಲ್ಲಿ, ಅದೇ ಮಣ್ಣಿನಲ್ಲಿ. ಮೇಲಿಂದ ಹಸಿರಾಗಿದ್ದರೂ ಬೇರು ಕೆಡತೊಡಗಿತ್ತು. ಮಣ್ಣಿನ ಸಮೇತ ಸುಡಬೇಕು, ಕಾಡಿನಲ್ಲಿ ನೆಟ್ಟರೆ ಉಳಿದ ಕಾಡಿಗೂ ಹಬ್ಬುತ್ತದೆ. ಆ ವರ್ಷದ ಹೂವಿನಿಂದಲಾದರೂ ಬೀಜ ಸಿಗುವುದೇ ಎಂದು ಕಾದರು. ಕಾಯಿ ಕಟ್ಟಿತು. ಬಿಡಿಸಿದರೆ ಒಳಗೆ ಕಾಳಿರಲಿಲ್ಲ, ಬರೀ ಜೊಳ್ಳು.

ಸಸಿಗಳನ್ನು ಸುಡುವ ಕೆಲಸವನ್ನು ಅಣ್ಣ ಬೇರೆಯವರಿಗೆ ಬಿಡಲಿಲ್ಲ. ಕುಂಡ ಕುಂಡವನ್ನೂ ತಾನೇ ಎತ್ತಿ ತಂದು ಗುಂಡಿಗಿಳಿಸಿದನಂತೆ, ಎಸೆಯಲಿಲ್ಲವಂತೆ. ಅಂದು ಹೊಗೆಯ ವಾಸನೆ ಹೊತ್ತು ಬಂದವನಿಗೆ ತಟ್ಟೆ ಹಾಕಿದೆ. ಎದುರಿಗೆ ಕೂತು, ನೀನು ಒಳ್ಳೆಯದಕ್ಕೇ ಮಾಡಿದ್ದು ಅಣ್ಣಾ ಎಂದೆ. "ಅದು ಬೇರಿಗೆ ಗೊತ್ತಾಗುತ್ತೇನೇ?" ಎಂದು ಕೇಳಿದ.

ತೋಟದ ಕೆಲಸ ಬಿಟ್ಟು ಈಗ ಇಲಾಖೆಯ ಗೇಟಿನಲ್ಲಿ ಕೂರುತ್ತಾನೆ. ಲೋಕವೆಲ್ಲ ಮನೆಯೊಳಗೆ ಬರುವಾಗ ಕಾಲು ತೊಳೆದರೆ ನಮ್ಮಣ್ಣ ಹೊರಗೆ ಹೊರಡುವಾಗ ತೊಳೆಯುತ್ತಾನೆ. ಚಪ್ಪಲಿಯ ಅಡಿಯನ್ನು ಕಡ್ಡಿಯಿಂದ ಕೆರೆದು, ಬ್ರಷ್ಷಿನಿಂದ ಉಜ್ಜಿ, ಮತ್ತೆ ಉಜ್ಜುತ್ತಾನೆ. ನೀರಿಗೆ ಬರ ಇದ್ದ ದಿನವೂ ನಾನು ಬೇಡವೆಂದಿಲ್ಲ. ಬೈದೇ ಬದುಕಿದವಳು ನಾನು, ಇದೊಂದಕ್ಕೆ ಮಾತ್ರ ಬೈಯಲು ಬಾಯಿ ಬರುವುದಿಲ್ಲ.

ಮೊನ್ನೆ ಪಕ್ಕದ ಮನೆಯಾಕೆ ಬಾಡಿದ ಗಿಡದ ಕುಂಡವೊಂದನ್ನು ಎತ್ತಿಕೊಂಡು ಬಂದಳು. ಏನೂ ತಿಳಿಯದವಳು, ಹೊಸಬಳು. "ಅಣ್ಣಾ, ನಿಮಗೆ ಗಿಡದ ಕೆಲಸ ಬರುತ್ತಂತೆ, ಸ್ವಲ್ಪ ಮಣ್ಣು ಬದಲಾಯಿಸಿ ಕೊಡ್ತೀರಾ?" ಎಂದು ಕುಂಡವನ್ನು ಅವನ ಮುಂದೆ ಚಾಚಿದಳು. ಅಣ್ಣ ಗೋಡೆಯವರೆಗೂ ಹಿಂದೆ ಸರಿದ. ಎರಡೂ ಕೈಗಳನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡ.

"ದೂರ ತಗೊಂಡು ಹೋಗಮ್ಮ," ಎಂದ. "ಅದಿನ್ನೂ ಬದುಕಿದೆ."