ಎರಡನೆಯ ಫೋಟೋ

ನಮ್ಮ ಊರಿನ ಗೋಡೆಗಳ ಮೇಲೆ ನಗುತ್ತಿರುವ ಫೋಟೋಗಳಲ್ಲಿ ಮುಕ್ಕಾಲು ಪಾಲು ನಮ್ಮ ಮನೆಯವರು ಮೋಸ ಮಾಡಿ ತೆಗೆದವು. ಮೂವತ್ತು ವರ್ಷ ಪಕ್ಕದಲ್ಲೇ ನಿಂತು ನೋಡಿದವಳು ನಾನು, ಹೇಳುವ ಹಕ್ಕಿದೆ.

ಮನೆಯ ಮುಂದಿನ ಕೋಣೆಯೇ ಸ್ಟುಡಿಯೋ. ಬೂದು ಬಣ್ಣದ ಪರದೆ, ಒಂದು ಸ್ಟೂಲು, ಕೊಡೆ ಕಟ್ಟಿದ ಎರಡು ದೀಪ. ಫ್ಲಾಶ್ ಹೊಡೆದರೆ ಜನ ಕಣ್ಣು ಮುಚ್ಚುತ್ತಾರೆಂದು ಉರಿಯುವ ದೀಪದ ಬೆಳಕಿನಲ್ಲೇ ತೆಗೆಯುತ್ತಾರೆ. ಸ್ಟೂಲಿನ ಮೇಲೆ ಎಂಥ ಮಾತುಗಾರ ಕೂತರೂ ಕ್ಯಾಮೆರಾ ಕಂಡ ಕೂಡಲೇ ಉಸಿರು ಬಿಗಿಹಿಡಿದು ಗೊಂಬೆಯಾಗುತ್ತಾನೆ. ಇವರು ಆ ಗೊಂಬೆಯದೊಂದು ಫೋಟೋ ತೆಗೆಯುತ್ತಿದ್ದರು. ಟಕ್ ಎಂದು ಸದ್ದಾಗುತ್ತಿತ್ತು. ಆಮೇಲೆ ಕ್ಯಾಮೆರಾದಿಂದ ಮುಖವೆತ್ತಿ ‘ಆಯ್ತು’ ಅನ್ನುತ್ತಿದ್ದರು. ಕೂತವರು ಉಸಿರು ಬಿಟ್ಟು, ಹೆಗಲು ಇಳಿಸಿ, ಸದ್ಯ ಮುಗಿಯಿತಲ್ಲ ಎಂದು ನಗುತ್ತಿದ್ದರು. ಇವರ ಬೆರಳು ಮಾತ್ರ ಗುಂಡಿಯ ಮೇಲೇ ಇರುತ್ತಿತ್ತು. ಇನ್ನೊಂದು ಟಕ್. ಗಿರಾಕಿಗೆ ಕೊಡುತ್ತಿದ್ದದ್ದು ಆ ಎರಡನೆಯ ಫೋಟೋ. ಕತ್ತರಿಸಿ ಕವರಿಗೆ ಹಾಕುವುದು ನನ್ನ ಕೆಲಸ. ಇವರನ್ನು ಆಡಿಕೊಳ್ಳುವುದೂ ನನ್ನದೇ.

ಹಳೆಯ ಕ್ಯಾಮೆರಾಕ್ಕೆ ವಯಸ್ಸಾಗಿತ್ತು. ಹತ್ತು ಫೋಟೋ ತೆಗೆದರೆ ಎರಡು ಅರ್ಧ ಕಪ್ಪಾಗಿ ಬರುತ್ತಿದ್ದವು. ಇನ್ನೊಂದು ವರ್ಷ ನಡೆಯುತ್ತೆ ಅನ್ನುತ್ತಲೇ ಇವರು ಮೂರು ವರ್ಷ ತಳ್ಳಿದರು. ಕೊನೆಗೆ ದುಂಬಾಲು ಬಿದ್ದು ಅಂಗಡಿಗೆ ಎಳೆದುಕೊಂಡು ಹೋದವಳು ನಾನೇ. ಹಳೆಯದು ಮನೆಯಲ್ಲಿರಲಿ ಎಂದು ಇವರು ಅಂದಾಗ, ಇಟ್ಟುಕೊಂಡು ಉಪ್ಪಿನಕಾಯಿ ಹಾಕ್ತೀರಾ ಎಂದು ಬಾಯಿ ಮುಚ್ಚಿಸಿ, ಅದನ್ನು ಹೊಸದರ ಬದಲಿಗೆ ಅಲ್ಲೇ ಕೊಡಿಸಿದವಳೂ ನಾನೇ.

ಹೊಸದರಲ್ಲಿ ಎಲ್ಲವೂ ಅದಲು ಬದಲು. ಹಳೆಯದರಲ್ಲಿ ಫೋಟೋ ದೊಡ್ಡದು ಮಾಡಿ ನೋಡುವ ಗುಂಡಿ ಇದ್ದ ಜಾಗದಲ್ಲಿ ಇದರಲ್ಲಿ ಅಳಿಸುವ ಗುಂಡಿ. ಬೆಳಕು ಹೆಚ್ಚುಕಡಿಮೆ ಮಾಡಲು ತಿರುಗಿಸುತ್ತಿದ್ದ ಚಕ್ರ ಮಾಯವಾಗಿ ಕ್ಯಾಮೆರಾದ ಪುಟ್ಟ ಪರದೆಯೊಳಗೆ ಹೊಕ್ಕಿತ್ತು. ಬ್ಯಾಟರಿ ಮಧ್ಯಾಹ್ನಕ್ಕೇ ಮಲಗುತ್ತಿತ್ತು. ಕಣ್ಣಿಟ್ಟು ನೋಡುವ ಕಿಂಡಿಯಲ್ಲಿ ಎದುರಿನ ಮನುಷ್ಯ ಕಾಣುವುದಿಲ್ಲ, ಟೀವಿಯಲ್ಲಿನ ಮನುಷ್ಯ ಕಾಣುತ್ತಾನೆ ಎಂದು ಇವರ ದೂರು. ಇಷ್ಟೆಲ್ಲ ಹೇಗೋ ಕೈಗೆ ಹತ್ತುತ್ತಿತ್ತು. ಹತ್ತದೆ ಉಳಿದದ್ದು ಒಂದೇ. ಈ ಕ್ಯಾಮೆರಾ ಸದ್ದೇ ಮಾಡುತ್ತಿರಲಿಲ್ಲ. ಮಲಗಿದ ಮಗುವಿಗೂ ಎಚ್ಚರವಾಗಲ್ಲ ಎಂದು ಹೊಗಳಿ, ಅಂಗಡಿಯವನೇ ಹಾಗೆ ಹೊಂದಿಸಿ ಕೊಟ್ಟಿದ್ದ.

‘ಆಯ್ತು’ ಅಂದರೆ ಈಗ ಯಾರೂ ನಂಬುತ್ತಿರಲಿಲ್ಲ. ತೆಗೆದ್ರಾ ಎಂದು ಕೇಳಿ, ಉಸಿರು ಹಿಡಿದುಕೊಂಡೇ ಕೂರುತ್ತಿದ್ದರು. ಎರಡನೆಯ ಫೋಟೋ ಮೊದಲನೆಯದರ ಅವಳಿಯಂತೆ ಬರುತ್ತಿತ್ತು. ಸದ್ದು ಬರಿಸಲು ಏನಾದರೂ ದಾರಿ ಇರಬೇಕು, ಜೊತೆಗೆ ಕೊಟ್ಟ ಪುಸ್ತಕ ನೋಡಿ ಎಂದೆ. ಮೂವತ್ತು ವರ್ಷ ಫೋಟೋ ತೆಗೆದವನು ಪುಸ್ತಕ ಓದಿ ಕಲಿಯಬೇಕೇ ಎಂದರು. ಯಾರನ್ನಾದರೂ ಕೇಳಿ ಎಂದರೆ ಅದು ಇನ್ನೂ ಅವಮಾನ. ಏನಾದರೂ ಮಾಡಿಕೊಳ್ಳಿ ಎಂದು ನಾನೂ ಮುಖ ತಿರುಗಿಸಿದೆ. ಆ ಪುಸ್ತಕವನ್ನು ನಾನೇ ಓದಬಹುದಿತ್ತು.

ಆ ವಾರವೇ ಅಕ್ಕ ಬಂದರು. ಇವರ ಅಕ್ಕ, ನಾನೂ ಹಾಗೇ ಕರೆಯುವುದು. ತಾಯಿ ಹೋದಾಗ ಇವರಿಗೆ ಆರು ವರ್ಷ, ಅಕ್ಕನಿಗೆ ಹತ್ತೊಂಬತ್ತು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿ ಸೇರಿ ತಮ್ಮನನ್ನು ಸಾಕಿದರು. ಮದುವೆಯ ಮಾತೆತ್ತಿದವರಿಗೆಲ್ಲ ‘ಲೈನ್ ಬಿಜಿ’ ಎಂದು ನಕ್ಕು ಸಾಗಹಾಕಿದರು. ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುತ್ತಾರೆ, ಮುಂದಿನ ಹಲ್ಲು ಒಂದರ ಮೇಲೊಂದು ಹತ್ತಿ ಕೂತಿವೆ ಎಂದು ನಾಚಿಕೆ. ಊರಿಗೆಲ್ಲ ಫೋಟೋ ತೆಗೆಯುವ ತಮ್ಮನ ಎದುರು ಒಂದು ಸಲವೂ ಆ ಸ್ಟೂಲಿನ ಮೇಲೆ ಕೂತವರಲ್ಲ.

ಅವತ್ತು ತಾವಾಗಿಯೇ ಕೂತರು. ಕಿವಿಯ ಕೆಳಗಿನ ಗಂಟನ್ನು ಗುರುವಾರ ಆಪರೇಷನ್ ಮಾಡಿ ತೆಗೆಯುವುದೆಂದು ನಿಗದಿಯಾಗಿತ್ತು. ಜೀವಕ್ಕೆ ಭಯವಿಲ್ಲ, ಆದರೆ ಬಲಗಡೆಯ ನರ ಉಳಿಯುವುದು ಕಷ್ಟ, ಆ ಕೆನ್ನೆ ಮತ್ತೆ ಮೇಲೇಳುವುದಿಲ್ಲ ಎಂದು ಡಾಕ್ಟರು ಹೇಳಿದ್ದರು.

“ಇಷ್ಟು ವರ್ಷ ಮುಚ್ಕೊಂಡೇ ನಕ್ಕೆ ಕಣೋ,” ಎಂದರು ಅಕ್ಕ. “ಒಂದೇ ಒಂದು ನಗ್ತಾ ಇರೋ ಫೋಟೋ ತೆಗೆದುಬಿಡು. ಆಮೇಲೆ ಬೇಕಂದ್ರೂ ಸಿಗಲ್ಲ.”

ಇವರು ನಲವತ್ತು ತೆಗೆದರು. ನಲವತ್ತು ಸಲವೂ ‘ಆಯ್ತು’ ಅಂದರು. ಹೆಡ್‌ಫೋನಿನ ಸದ್ದು ನಂಬಿ ಬದುಕಿದ ಜೀವ ಅದು, ಸದ್ದಿಲ್ಲದೆ ಮುಗಿಯಿತೆಂದರೆ ಹೇಗೆ ಒಪ್ಪೀತು? ಹಳೆಯ ತಮಾಷೆ ಹೇಳಿದರೆ ನಗು ಬರುತ್ತಿತ್ತು, ಅದರ ಬೆನ್ನಿಗೇ ಕೈಯೂ ಬಾಯಿಗೆ ಬರುತ್ತಿತ್ತು. ಇವರ ಕಿವಿ ಕೆಂಪಾಯಿತು. ಇದನ್ನು ಮಾಡಿದವನಿಗೆ ಬುದ್ಧಿಯಿಲ್ಲ ಎಂದು ಗೊಣಗುತ್ತ, ತಲೆ ಬಗ್ಗಿಸಿ ಪರದೆಯೊಳಗಿನ ಪಟ್ಟಿಗಳನ್ನು ಒಂದೊಂದಾಗಿ ಒತ್ತತೊಡಗಿದರು. ನಾನು ಸುಮ್ಮನಿರಲಾರದೆ, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದೆ.

ಅಕ್ಕ ನಕ್ಕುಬಿಟ್ಟರು. ಎರಡೂ ಕೆನ್ನೆ ಎದ್ದು, ಕಣ್ಣು ಮುಚ್ಚಿಹೋಗಿ, ಹತ್ತಿ ಕೂತ ಹಲ್ಲುಗಳೆಲ್ಲ ಕಾಣುವ ಹಾಗೆ ನಕ್ಕರು. ಕೈ ತೊಡೆಯ ಮೇಲೇ ಇತ್ತು. ಇವರಿನ್ನೂ ಪಟ್ಟಿ ಹುಡುಕುತ್ತಿದ್ದರು. ನನ್ನ ಕೈಯಲ್ಲಿ ಫೋನಿತ್ತು. ಆದರೆ ಸ್ಟುಡಿಯೋದೊಳಗೆ ಫೋನಿನಲ್ಲಿ ಫೋಟೋ ತೆಗೆಯಕೂಡದು ಎಂಬುದು ಇವರ ಕಟ್ಟಪ್ಪಣೆ, ತೆಗೆಯಹೋದ ಗಿರಾಕಿಗಳನ್ನು ಗದರುತ್ತಿದ್ದವಳು ನಾನು. ನನ್ನ ಕೈ ಏಳಲಿಲ್ಲ. ಇವರು ತಲೆಯೆತ್ತುವಷ್ಟರಲ್ಲಿ ಅಕ್ಕ ಸೆರಗು ಸರಿಮಾಡಿಕೊಂಡು ಮತ್ತೆ ಗೊಂಬೆಯಾಗಿದ್ದರು.

ನಾಳೆ ಬಾ ಅಕ್ಕ, ಅಷ್ಟರಲ್ಲಿ ಇದನ್ನು ಕೈಗೆ ಹತ್ತಿಸಿಕೊಂಡಿರುತ್ತೇನೆ ಎಂದರು ಇವರು. ಮಾರನೆಯ ಬೆಳಿಗ್ಗೆ ಅಕ್ಕನಿಗೆ ಆಸ್ಪತ್ರೆಯಿಂದ ಫೋನು. ಹಾಸಿಗೆ ಖಾಲಿಯಾಗಿದೆ, ಇವತ್ತೇ ಬಂದು ಸೇರಿಕೊಳ್ಳಿ ಎಂದರಂತೆ. ಅಕ್ಕ ತಮ್ಮ ಮನೆಯಿಂದ ನೇರ ಅಲ್ಲಿಗೇ ಹೋದರು. ಡಾಕ್ಟರು ಹೇಳಿದ ಹಾಗೇ ಆಯಿತು.

ಹದಿನೈದು ದಿನ ಕಳೆದಿರಬೇಕು. ಫೋಟೋ ತೆಗೆಸಿಕೊಳ್ಳಲು ಬಂದ ಮೇಷ್ಟರೊಬ್ಬರು, ತಮ್ಮ ಬಳಿಯೂ ಇದೇ ಕ್ಯಾಮೆರಾ ಇದೆಯೆಂದು ಕೈಗೆ ತೆಗೆದುಕೊಂಡು, ಸದ್ದು ಯಾಕೆ ನಿಲ್ಲಿಸಿದ್ದೀರಿ ಎಂದು ಕೇಳಿ ಏನೋ ಒತ್ತಿದರು. ಟಕ್ ಎಂದಿತು. ಅವರು ಹೋದ ಮೇಲೆ ಇವರು ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು.

“ಮೂರು ಸಲ ಒತ್ತಿದ್ರೆ ಸಾಕಿತ್ತು ಕಣೇ,” ಎಂದರು.

ಮಿಂಚಿ ಹೋದ ಕಾರ್ಯಕ್ಕೆ ಚಿಂತಿಸಿ ಫಲವಿಲ್ಲ ಅನ್ನುತ್ತಾರೆ. ಫಲ ಬೇಕೆಂದು ಯಾರು ಚಿಂತಿಸುತ್ತಾರೆ?

ಗಾಯ ಮಾಗಿದ ಮೇಲೆ ಅಕ್ಕ ಬಂದರು. ಬಲಗೆನ್ನೆ ಜೋಲು ಬಿದ್ದಿತ್ತು, ಮಾತು ಒಂದು ಕಡೆಯಿಂದ ಬರುತ್ತಿತ್ತು. ಇವರು ನಲವತ್ತೂ ಫೋಟೋ ಕೈಗಿಟ್ಟರು. ಅಕ್ಕ ಒಂದೊಂದನ್ನೇ ತಿರುವಿ ನೋಡಿ, ಕೊನೆಯದನ್ನು ನೋಡಿ, ಮತ್ತೆ ಮೊದಲಿನಿಂದ ನೋಡಿದರು.

“ಇವಳು ಗಾದೆ ಹೇಳಿದಾಗ ಜೋರಾಗಿ ನಕ್ಕಿದ್ನಲ್ಲ, ಅದು ಎಲ್ಲೋ?”

ಅದು ಸಿಗಲಿಲ್ಲ ಎಂದರು ಇವರು. ಅಕ್ಕ ಫೋಟೋಗಳನ್ನು ಜೋಡಿಸಿ ಕವರಿನೊಳಗೆ ಹಾಕಿದರು.

“ಹೋಗ್ಲಿ ಬಿಡು. ಕಾಗದದಲ್ಲಿ ಇಲ್ದೇ ಇದ್ರೇನು, ನೀನು ಕಣ್ಣಾರೆ ನೋಡಿದ್ಯಲ್ಲ.”

“ನೋಡ್ದೆ ಅಕ್ಕ,” ಎಂದರು ಇವರು.

ಅವರನ್ನು ಬಸ್ಸು ಹತ್ತಿಸಿ ಬಂದು, ಅಕ್ಕ ಅವತ್ತು ಹೇಗೆ ನಕ್ಕರೆಂದು ಇವರು ನನ್ನನ್ನು ಕೇಳಿದರು. ಕಣ್ಣು ಮುಚ್ಚಿಹೋಗಿತ್ತು, ಹಲ್ಲು ಕಾಣುತ್ತಿತ್ತು, ಕೈ ತೊಡೆಯ ಮೇಲಿತ್ತು ಎಂದೆ. ಆಮೇಲೆ ಎಂದರು. ಅಷ್ಟೇ ರೀ ಎಂದೆ. ಈಗಲೂ ಆಗಾಗ ಕೇಳುತ್ತಾರೆ, ನಾನು ಅದನ್ನೇ ಹೇಳುತ್ತೇನೆ.