ಸತ್ತೆಪ್ಪ ಬಡಿಗೇರನ ಹುಣಸಿ ಕೊರಡು

ಮುಗಳಖೋಡದ ಸತ್ತೆಪ್ಪ ಬಡಿಗೇರ ಕಟ್ಟಿಗೆ ಆರಿಸುತ್ತಿದ್ದದ್ದು ಕಿವಿಯಿಂದ. ಬೆರಳಗಂಟಿನಿಂದ ಒಮ್ಮೆ ಬಡಿದರೆ ಸಾಕು, ಒಳಗೆ ಹುಳ ಐತೋ ಹಸಿ ಐತೋ ಹೇಳಿಬಿಡುತ್ತಿದ್ದ. ಠಣ್ ಅಂದರೆ ಗಾಡಿಗೆ, ಇಲ್ಲದಿದ್ದರೆ ಒಲೆಗೆ. ಮೂವತ್ತು ವರ್ಷದಲ್ಲಿ ಅವನ ಗಾಡಿಯೊಂದೂ ದಾರಿ ನಡುವೆ ಕೂತಿರಲಿಲ್ಲ. ಆ ಜಂಬ ಅವನಿಗಿತ್ತು, ಇರಬೇಕಾದ್ದೇ ಅನ್ನಿ.

ತೊಂಬತ್ನಾಲ್ಕರ ಬೇಸಿಗೆಯಲ್ಲಿ ನಿಪ್ಪಾಣಿಯ ತಂಬಾಕು ವ್ಯಾಪಾರಿ ಕಾಕಾಸಾಹೇಬರು ಅವನ ಹೆಸರು ಕೇಳಿ ಬಂದರು. ಜೀಪಿನಲ್ಲಿ ಹಳೆಯ ಜಪಾನಿ ರೆಕಾರ್ಡ್ ಪ್ಲೇಯರ್. ಬೆಲ್ಟಿಲ್ಲದ್ದು, ತಟ್ಟೆಯ ಕೆಳಗೇ ಮೋಟಾರು. ಅದರ ಪೆಟ್ಟಿಗೆ ಮಳೆನೀರು ಕುಡಿದು ಉಬ್ಬಿ ಬಿಚ್ಚಿಹೋಗಿತ್ತು. ಇಬ್ಬರು ಬಡಿಗರು ಹೊಸದು ಮಾಡಿ ಸೋತಿದ್ದರು. ದನಿ ಏರಿಸಿದ ಕೂಡಲೇ ಸ್ಪೀಕರಿನ ಅದುರು ಪೆಟ್ಟಿಗೆಗೆ ಇಳಿದು, ಅಲ್ಲಿಂದ ಸೂಜಿಗೆ ಹತ್ತಿ, ಹಾಡಿನ ತುಂಬ ಗುಂಯ್ ಅನ್ನುತ್ತಿತ್ತು.

"ನಾ ಮಾಡಿದ್ದು ಗುಂಯ್ ಅಂದ್ರ, ಮತ್ತ ಬಾಚಿ ಮುಟ್ಟೂದಿಲ್ರಿ," ಅಂದ ಸತ್ತೆಪ್ಪ, ಹತ್ತು ಜನರೆದುರು.

ಹೆಂಡತಿ ಕಾಳವ್ವ ಹಣೆ ಬಡಿದುಕೊಂಡಳು. "ಮುಗೀತು! ನಾಳಿಂದ ಎಮ್ಮಿ ಕಾಯಾಕ ಹೋಗ್ರಿ."

ಅಟ್ಟದಲ್ಲಿ ಮಗಳ ಮದುವೆ ಮಂಚಕ್ಕೆಂದು ಇಟ್ಟಿದ್ದ ದಪ್ಪ ಸಾಗವಾನಿ ತುಂಡಿತ್ತು. ಬಡಿದರೆ ದೇವರ ಗಂಟೆ. ಅದನ್ನೇ ಕೊರೆದು, ಪಾಲಿಶ್ ಹೊಡೆದು ಪ್ಲೇಯರನ್ನು ಅದರೊಳಗೆ ಕೂರಿಸಿದ. ಕಾಕಾಸಾಹೇಬರು ಸ್ಪೀಕರ್ ತಂದು ಅಂಗಳದಲ್ಲೇ ಹಚ್ಚಿದರು. ಗುಂಯ್! ಮೊದಲಿನ ಇಬ್ಬರದ್ದಕ್ಕಿಂತ ಜೋರು. ಯಾರೋ ಕಿಸಕ್ಕನೆ ನಕ್ಕರು.

"ಇರ್ಲಿ ಬಿಡ್ರಿ, ಸತ್ತೆಪ್ಪಾ," ಅಂದರು ಕಾಕಾಸಾಹೇಬರು, ಮೆಲ್ಲಗೆ. ಆ ಕರುಣೆಯೇ ಅವನಿಗೆ ಹೆಚ್ಚು ಉರಿಯಿತು.

"ಎಂಟ ದಿನಾ ಕೊಡ್ರಿ ಸಾಹೇಬ್ರ."

ಅವರು ಹೋದ ಮೇಲೆ ಸಿಟ್ಟಿಗೆ ಬಾಚಿ ಎತ್ತಿ ಹುಣಸಿ ಕೊರಡಿನ ಮೇಲೆ ಹೊಡೆದ. ದಬ್. ಕಟ್ಟಿಗೆ ಇಟ್ಟು ಕೆತ್ತುವ ಆ ಕೊರಡು ಅಪ್ಪ ಧರೆಪ್ಪನ ಕಾಲದ್ದು. ಇನ್ನೊಮ್ಮೆ ಹೊಡೆದ. ದಬ್. ಅದರ ಮೇಲಿದ್ದ ಚರಿಗೆಯ ನೀರು ಕದಲಿರಲಿಲ್ಲ. ಸತ್ತೆಪ್ಪ ಒಬ್ಬನೇ ನಗತೊಡಗಿದ.

"ಕಾಳವ್ವಾ! ಠಣ್ ಅನ್ನೂದ ಇಲ್ಲಿ ತಪ್ಪು. ಪೆಟ್ಟ ತಿಂದು ಸುಮ್ಮ ಇರೂದ ಬೇಕಾಗೇತಿ!"

"ಮಾವಾರ ಕೊರಡ್ರೀ ಅದು!"

ಕೊರಡಿನ ಅಂಚೆಲ್ಲ ಸೀಳಿತ್ತು, ನಡುವಷ್ಟೇ ಗಟ್ಟಿ. ಚೌಕ ತೆಗೆದರೆ ಉಳಿದದ್ದು ಒಲೆಗೇ. ಗರಗಸ ಇಡುವಾಗ ಅಪ್ಪನ ನೆನಪಾಗಿ ಅವನ ಕಣ್ಣು ತುಂಬಿದವು. ಒರೆಸಿಕೊಂಡು ಕೊಯ್ದ.

ಎಂಟನೆಯ ದಿನ ಅದೇ ಅಂಗಳ, ಅದೇ ಜನ. ಕಾಕಾಸಾಹೇಬರು ಹುಣಸಿ ಪೆಟ್ಟಿಗೆಯಲ್ಲಿ ಕೂತ ಪ್ಲೇಯರ್ ಹಚ್ಚಿ ದನಿ ಪೂರ್ತಿ ಏರಿಸಿದರು. ಹಾಡು ಬಿಟ್ಟು ಬೇರೆ ಏನೂ ಕೇಳಲಿಲ್ಲ. ಕಾಳವ್ವ ಯಾರೂ ಹೇಳದೆ ಒನಕೆ ತಂದು ಪಕ್ಕದ ನೆಲಕ್ಕೆ ಎರಡು ಸಲ ಕುಟ್ಟಿದಳು. ಸೂಜಿ ಜಗ್ಗಲಿಲ್ಲ.

"ಆತೇನ್ರಿ?" ಅಂದಳು, ನಕ್ಕವರ ಕಡೆ ತಿರುಗಿ.

ಮರುದಿನ ಬೆಳಿಗ್ಗೆ ಅವಳೇ ಕೇಳಿದಳು, "ಇನ್ನ ಎದರ ಮ್ಯಾಲ ಕೆತ್ತತೀರಿ?"

ಸತ್ತೆಪ್ಪ ಸೋತ ಸಾಗವಾನಿ ತುಂಡನ್ನು ಎಳೆದು ತಂದ. ಬಾಚಿ ಬಿತ್ತು. ಠಣ್! ಓಣಿಯಾಚೆಗೂ ಕೇಳಿಸಿತು.

"ಕೇಳ್ಲಿ ಬಿಡು," ಅಂದ. "ಸತ್ತೆಪ್ಪ ಬಾಚಿ ಬಿಟ್ಟಿಲ್ಲ ಅಂತ ಊರಿಗೆ ಗೊತ್ತಾಗ್ಲಿ."