ಒಳಗೆ ಉಳಿದ ಗೇಣುದ್ದದ ತಂತಿ

ಬೆಳಗಾವಿಯಲ್ಲಿ ಏಸಿ ರಿಪೇರಿ ಮಾಡಿ ಹೊಟ್ಟೆ ಹೊರೆಯುತ್ತೇನೆ ಎಂದರೆ ಆಗ ಜನ ನಗುತ್ತಿದ್ದರು. ಇಸವಿ ಎರಡು ಸಾವಿರದ ಆಚೀಚಿನ ಮಾತು. ಮೇ ತಿಂಗಳಲ್ಲೂ ಸಂಜೆ ಆದರೆ ತಣ್ಣನೆ ಗಾಳಿ ಬೀಸುವ ಊರು ಇದು. ಹೊಸದಾಗಿ ಮದುವೆಯಾಗಿದ್ದ ನನ್ನನ್ನು ಮಾವನವರು ಊಟಕ್ಕೆ ಕೂತಾಗಲೆಲ್ಲ ಕೆಣಕುತ್ತಿದ್ದರು. "ಕೆರ್‍ಯಾಗ ನಿಂತವರಿಗೆ ನೀರ ಮಾರಾಕ ಹೊಂಟೀರಿ ಅಳಿಯಂದ್ರ" ಅನ್ನುತ್ತಿದ್ದರು. ಅವರು ಹೇಳುವುದರಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಏಸಿ ಬೇಕಾಗಿದ್ದದ್ದು ಮನುಷ್ಯರಿಗಲ್ಲ, ವಸ್ತುಗಳಿಗೆ. ಕಂಪ್ಯೂಟರ್ ಕೋಣೆಗಳಿಗೆ, ಫೋಟೋ ತೊಳೆಯುವ ಕಲರ್ ಲ್ಯಾಬುಗಳಿಗೆ, ಔಷಧಿ ದಾಸ್ತಾನಿಗೆ. ಅವು ಬೆವರು ಒರೆಸಿಕೊಂಡು ಸಹಿಸುವುದಿಲ್ಲ, ನೇರವಾಗಿ ಕೆಟ್ಟು ಹೋಗುತ್ತವೆ.

ಖಡೇಬಜಾರಿನ ಹಿಂದಿನ ಓಣಿಯ ಒಂದು ವರ್ಕ್‌ಶಾಪಿನಲ್ಲಿ ನಾವಿಬ್ಬರು ಜೋಡಿಯಾಗಿ ಕೆಲಸ ಮಾಡುತ್ತಿದ್ದೆವು, ನಾನು ಮತ್ತು ನಮ್ಮ ಮಿಸ್ತ್ರಿ. ಅವರು ಗುಂಜಿಯವರು, ಐವತ್ತರ ಗಡಿಯಲ್ಲಿದ್ದವರು. ದಿನಾ ರೈಲಿನಲ್ಲಿ ಬಂದು ರೈಲಿನಲ್ಲಿ ಹೋಗುತ್ತಿದ್ದರು. ನನ್ನ ಹತ್ತಿರ ಐಟಿಐ ಸರ್ಟಿಫಿಕೇಟು ಇತ್ತು, ವೈರಿಂಗ್ ನಕ್ಷೆ ಓದಲು ಬರುತ್ತಿತ್ತು. ಅವರಿಗೆ ನಕ್ಷೆ ಬೇಕಾಗಿರಲಿಲ್ಲ. ಪ್ಯಾನೆಲ್ ಪೆಟ್ಟಿಗೆಯ ಬಾಗಿಲು ತೆಗೆದು ಒಂದು ಗಳಿಗೆ ಸುಮ್ಮನೆ ಕಿವಿ ಕೊಡುತ್ತಿದ್ದರು. ಒಳಗಿನ ಕಾಂಟ್ಯಾಕ್ಟರ್ ಎಂಬ ದೊಡ್ಡ ಸ್ವಿಚ್ಚು ಒಂದೇ ಸಲ ಕಟಕ್ಕೆಂದು ಹಿಡಿದರೆ ಸರಿ, ಹಲ್ಲು ಕಡಿದ ಹಾಗೆ ಸದ್ದು ಮಾಡಿದರೆ ವೋಲ್ಟೇಜು ಕಡಿಮೆ ಎಂದು ಹೇಳಿಬಿಡುತ್ತಿದ್ದರು. ನಾನು ಮೀಟರ್ ಹಚ್ಚಿ ಅದನ್ನೇ ಹೇಳುವ ಹೊತ್ತಿಗೆ ಅವರು ಚಹಾ ಮುಗಿಸಿರುತ್ತಿದ್ದರು. ನನಗೆ ಇದರಿಂದ ಸಿಟ್ಟು ಬರುತ್ತಿತ್ತು. ಓದಿದವನು ನಾನು, ಗೆಲ್ಲುವವರು ಅವರು!

ಏಸಿ ಎಂದರೆ ತಂಪು ಗಾಳಿ ಎಂದು ಜನ ತಿಳಿಯುತ್ತಾರೆ. ನಮಗೆ ಏಸಿ ಎಂದರೆ ಗೋಡೆಯ ಮೇಲಿನ ಆ ಪೆಟ್ಟಿಗೆ. ಯಾವುದು ಯಾವಾಗ ಶುರುವಾಗಬೇಕು, ಯಾವುದು ಯಾವಾಗ ನಿಲ್ಲಬೇಕು ಎಂಬ ಯಜಮಾನಿಕೆಯೆಲ್ಲ ಅದರೊಳಗೆ. ಅದರಲ್ಲಿ ಕೆಲವು ಕಟ್‌ಔಟುಗಳು ಇರುತ್ತವೆ. ವರ್ಷವಿಡೀ ಏನೂ ಮಾಡದೆ ಕೂತಿದ್ದು, ಅಪಾಯ ಬಂದಾಗ ಮಾತ್ರ ಕರೆಂಟು ಕಡಿಯುವುದು ಅವುಗಳ ಕೆಲಸ. ಇಂಥದ್ದು ಕೆಟ್ಟಿದೆಯೋ ಇಲ್ಲವೋ ನೋಡಲು ನಾವು ಗೇಣುದ್ದದ ತಂತಿಯಿಂದ ಅದರ ಎರಡು ಸ್ಕ್ರೂಗಳನ್ನು ಕೂಡಿಸುತ್ತೇವೆ. ಕರೆಂಟು ಕಟ್‌ಔಟನ್ನು ಬಿಟ್ಟು ತಂತಿಯಲ್ಲಿ ಹರಿಯುತ್ತದೆ. ಇದಕ್ಕೆ ನಮ್ಮ ಭಾಷೆಯಲ್ಲಿ ಡೈರೆಕ್ಟ್ ಮಾಡುವುದು ಎನ್ನುತ್ತಾರೆ. ಕೆಲಸ ಮುಗಿದ ಮೇಲೆ ಆ ತಂತಿ ತೆಗೆಯಬೇಕು. ಮರೆತರೆ ಯಾವ ಸುಳಿವೂ ಸಿಗುವುದಿಲ್ಲ. ಎಲ್ಲವೂ ಮೊದಲಿನ ಹಾಗೆಯೇ ನಡೆಯುತ್ತದೆ, ಕಾವಲುಗಾರ ಮಾತ್ರ ಇರುವುದಿಲ್ಲ.

ಅದಕ್ಕೇ ಮಿಸ್ತ್ರಿಯವರು ಒಂದು ರೂಢಿ ಇಟ್ಟಿದ್ದರು. ಪ್ಯಾನೆಲ್ಲಿನ ಬಾಗಿಲು ಮುಚ್ಚುವ ಮೊದಲು ಅಲ್ಲಿ ಕೈ ಹಾಕಿದ ಪ್ರತಿಯೊಬ್ಬನೂ ಒಳಗೆ ಕಣ್ಣಾಡಿಸಿ, ಬಾಯಿ ಬಿಟ್ಟು "ನಂದೇನೂ ಇಲ್ಲ" ಎಂದು ಹೇಳಬೇಕು. ತಲೆ ಆಡಿಸಿದರೆ ನಡೆಯುತ್ತಿರಲಿಲ್ಲ. ಎಲ್ಲರೂ ಹೇಳಿದ ಮೇಲೆ ಅವರು ತಮ್ಮದೂ ಹೇಳಿ ಬಾಗಿಲು ಹಾಕುತ್ತಿದ್ದರು. ಒಬ್ಬನ ಮಾತನ್ನು ಇನ್ನೊಬ್ಬ ಪರೀಕ್ಷೆ ಮಾಡುವಂತಿರಲಿಲ್ಲ. "ಮಾತ ಕೊಟ್ಟ ಮ್ಯಾಲ ಹಣಿಕಿ ನೋಡೂದು ಅವಮಾನ ಮಾಡಿದಂಗ" ಎನ್ನುವುದು ಅವರ ನ್ಯಾಯ. ಏನೋ ದೇವರ ಮುಂದೆ ಪ್ರಮಾಣ ಮಾಡಿಸಿದ ಹಾಗೆ ಎಂದು ನಾನು ಒಳಗೊಳಗೇ ನಗುತ್ತಿದ್ದೆ.

ಖಾನಾಪುರದಲ್ಲಿ, ಪಾರಿಶ್ವಾಡದ ರಸ್ತೆಗೆ ಹೊಂದಿಕೊಂಡು, ಒಬ್ಬ ಹೆಣ್ಣುಮಗಳು ಬಾಳೆ ಸಸಿ ಬೆಳೆಸುವ ಲ್ಯಾಬು ನಡೆಸುತ್ತಿದ್ದರು; ಎಲ್ಲರೂ ಅವರನ್ನು ಗೌರವದಿಂದ ಬಾಯಿಯವರು ಎನ್ನುತ್ತಿದ್ದರು. ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುವ ನೌಕರಿ ಬಿಟ್ಟು ಬಂದವರು. ಹಣೆಯ ಮೇಲೆ ವಿಭೂತಿ, ಮೈಮೇಲೆ ಬಿಳಿ ಕೋಟು. ಗಾಜಿನ ಬಾಟಲಿಗಳಲ್ಲಿ ಕೊತ್ತಂಬರಿ ಎಲೆಯಷ್ಟು ಚಿಕ್ಕ ಬಾಳೆ ಸಸಿಗಳು, ಸಾಲುಸಾಲು ಕಪಾಟುಗಳು, ಪ್ರತಿ ಕಪಾಟಿಗೂ ಟ್ಯೂಬ್‌ಲೈಟು. ಆ ದೀಪಗಳ ಬಿಸಿಯನ್ನು ಹೊರಗೆ ಹಾಕಲು ಎರಡು ಏಸಿ. ಏಸಿ ನಿಂತು ದೀಪ ಉರಿಯುತ್ತಿದ್ದರೆ ಮುಚ್ಚಿದ ಕೋಣೆ ಎರಡು ತಾಸಿನಲ್ಲಿ ಒಲೆಯಾಗುತ್ತದೆ. ಹಾಗಾಗದಿರಲೆಂದು ಅಲ್ಲೊಂದು ಕಟ್‌ಔಟು ಇತ್ತು. ಕೋಣೆ ಬಿಸಿಯಾದರೆ ಅದು ದೀಪಗಳನ್ನು ಆರಿಸಬೇಕು. ಸಸಿಗಳು ಒಂದು ದಿನ ಕತ್ತಲಲ್ಲಿ ಇರಬಲ್ಲವು, ಬೇಯಲಾರವು.

ಫೆಬ್ರುವರಿಯ ಒಂದು ದಿನ ದೀಪಗಳು ಹೊತ್ತುತ್ತಿಲ್ಲ ಎಂದು ಕರೆ ಬಂತು. ಬೆಳಿಗ್ಗೆ ಮಿಸ್ತ್ರಿಯವರು ಆ ಕಟ್‌ಔಟಿಗೆ ತಮ್ಮ ತಂತಿ ಕೂಡಿಸಿದರು. ದೀಪ ಹೊತ್ತಿದವು. ಕಟ್‌ಔಟು ಸತ್ತಿದೆ ಎಂದು ಖಾತ್ರಿಯಾಯಿತು. ಅವರು ತಂತಿ ತೆಗೆದು, ಹೊರಗಿನ ಕಂಪ್ರೆಸರ್ ನೋಡಲು ಅಂಗಳಕ್ಕೆ ಹೋದರು. ಹೊಸ ಕಟ್‌ಔಟು ಕೂಡಿಸುವ ಕೆಲಸ ನನ್ನದು. ಕತ್ತಲ ಕೋಣೆಯಲ್ಲಿ ಸ್ಕ್ರೂ ಕಾಣದೆ ನಾನು ಅದೇ ಜಾಗಕ್ಕೆ ನನ್ನ ತಂತಿ ಹಾಕಿ ದೀಪ ಹೊತ್ತಿಸಿಕೊಂಡೆ. ಇದನ್ನು ಅವರು ನೋಡಲಿಲ್ಲ. ಇಬ್ಬರ ತಂತಿಯೂ ಒಂದೇ ಸುರುಳಿಯಿಂದ ಕಡಿದ ಕರೀ ತಂತಿ.

ಸಂಜೆ ನನಗೆ ರೈಲಿನ ಅವಸರ. ಹೆಂಡತಿಯನ್ನು ಎಲ್ಲಿಗೋ ಕರೆದುಕೊಂಡು ಹೋಗುತ್ತೇನೆಂದು ಮಾತು ಕೊಟ್ಟಿದ್ದೆ. ಎಲ್ಲಿಗೆ ಎಂಬುದು ಈಗ ನೆನಪಿಲ್ಲ, ಅದು ಇನ್ನೂ ನಾಚಿಕೆಯ ಸಂಗತಿ. ಮಿಸ್ತ್ರಿಯವರು ಬಾಗಿಲ ಮೇಲೆ ಕೈಯಿಟ್ಟು, "ಹೂಂ, ಹೇಳಪಾ" ಅಂದರು. ನಾನು ಸ್ಕ್ರೂಡ್ರೈವರ್ ಚೀಲಕ್ಕೆ ತುರುಕುತ್ತ, ಪ್ಯಾನೆಲ್ ಕಡೆ ಕಣ್ಣೂ ಹಾಯಿಸದೆ, "ನಂದೇನೂ ಇಲ್ರಿ" ಅಂದೆ. ಅವರು ಒಳಗೆ ನೋಡಲಿಲ್ಲ. ನಾನು ಮಾತು ಕೊಟ್ಟಿದ್ದೆನಲ್ಲ. "ನಂದೂ ಏನಿಲ್ಲ" ಎಂದು ಬಾಗಿಲು ಹಾಕಿದರು.

ಖಾನಾಪುರ ಸ್ಟೇಶನ್ನಿನಲ್ಲಿ ನಾವು ಬೇರೆಯಾದೆವು. ಅವರು ಗುಂಜಿಯ ಕಡೆಗೆ, ನಾನು ಬೆಳಗಾವಿಯ ಕಡೆಗೆ. ದೇಸೂರಿನಲ್ಲಿ ರೈಲು ನಿಂತಿತು. ಯಾರೋ ಕಿಟಕಿಯಿಂದ ಸೊಪ್ಪಿನ ಗಂಟು ಒಳಗೆ ಹಾಕುತ್ತಿದ್ದರು. ಆಗ ನೆನಪಾಯಿತು. ತಂತಿ ಒಳಗೇ ಇದೆ.

ಇಳಿಯಬಹುದಾಗಿತ್ತು. ರೈಲು ಸಾಕಷ್ಟು ಹೊತ್ತು ನಿಂತಿತ್ತು. ಇಳಿಯಲಿಲ್ಲ. ಮರುದಿನ ಬೆಳಿಗ್ಗೆ ವರ್ಕ್‌ಶಾಪಿನಲ್ಲಿ ಹೇಳಬಹುದಾಗಿತ್ತು, "ಮರತೇನ್ರಿ, ನಡೀರಿ ತಗದು ಬರೂಣು" ಎಂದರೆ ಮುಗಿಯುತ್ತಿತ್ತು. ಆದರೆ ಮರೆತದ್ದನ್ನು ಹೇಳಬೇಕೆಂದರೆ ನೋಡದೆಯೇ ಮಾತು ಕೊಟ್ಟದ್ದನ್ನೂ ಹೇಳಬೇಕಿತ್ತು. ಅದು ನನ್ನ ಬಾಯಿಂದ ಬರಲಿಲ್ಲ. ಮುಂದಿನ ತಿಂಗಳು ಸರ್ವಿಸಿಗೆ ಹೋದಾಗ ಯಾರಿಗೂ ಕಾಣದಂತೆ ತೆಗೆದರಾಯಿತು ಎಂದುಕೊಂಡೆ. ಮುಂದಿನ ತಿಂಗಳು ಬೆಳಗಾವಿಯಲ್ಲೇ ಕೆಲಸ ಮೈತುಂಬ ಬಂತು. ಅದರ ಮುಂದಿನ ತಿಂಗಳಿಗೂ ಹಾಗೆಯೇ. ಮೊದಮೊದಲು ದಿನಾ ನೆನಪಾಗುತ್ತಿದ್ದ ತಂತಿ ಬರಬರುತ್ತ ವಾರಕ್ಕೊಮ್ಮೆ ನೆನಪಾಯಿತು.

ಏಪ್ರಿಲ್ ಕೊನೆಯ ಒಂದು ಭಾನುವಾರ ಮಧ್ಯಾಹ್ನ ಖಾನಾಪುರದಲ್ಲಿ ವೋಲ್ಟೇಜು ಇಳಿದು ಎರಡೂ ಕಂಪ್ರೆಸರುಗಳು ನಿಂತವು. ದೀಪಗಳು ನಿಲ್ಲಲಿಲ್ಲ. ಲ್ಯಾಬಿಗೆ ರಜೆ. ಸಂಜೆ ಬಾಯಿಯವರು ಬಂದು ಬಾಗಿಲು ತೆಗೆದಾಗ ಬಾಟಲಿಗಳ ಒಳಗೆ ನೀರ ಹನಿ ಕಟ್ಟಿ, ಸಸಿಗಳು ಬೆಂದ ಪಲ್ಯೆಯ ಬಣ್ಣಕ್ಕೆ ತಿರುಗಿದ್ದವಂತೆ. ಗಾಬರಿಯಲ್ಲಿ ಅವರು ಅಲ್ಲಿಯ ಒಬ್ಬ ವಾಯರ್‌ಮನ್ನನನ್ನು ಕರೆಸಿದರು. ಅವನು ಪ್ಯಾನೆಲ್ ತೆಗೆದು, ಆ ಕರೀ ತಂತಿ ಕಿತ್ತು, ಅವರ ಮೇಜಿನ ಮೇಲಿಟ್ಟು ಹೋದ.

ಸೋಮವಾರ ಬೆಳಿಗ್ಗೆ ನಾವಿಬ್ಬರೂ ಆ ಮೇಜಿನ ಮುಂದೆ ನಿಂತಿದ್ದೆವು. ಬಾಯಿಯವರು ಒದರಾಡಲಿಲ್ಲ. ಒದರಾಡಿದ್ದರೆ ಚೆನ್ನಾಗಿತ್ತು. "ಪಾರಿಶ್ವಾಡದ ರೈತರು ಈ ಸಸಿ ಸಲುವಾಗಿ ಹೊಲಾ ಹದಾ ಮಾಡಿ ಕುಂತಾರ. ಅವರಿಗೆ ಏನ ಹೇಳ್ಲಿ?" ಎಂದಷ್ಟೇ ಕೇಳಿದರು. ಆಮೇಲೆ ತಂತಿಯನ್ನು ಬೆರಳಿನಿಂದ ಮುಂದಕ್ಕೆ ಸರಿಸಿ, "ಇದು ಯಾರದು?" ಅಂದರು.

ಮಿಸ್ತ್ರಿಯವರು ತಂತಿಯನ್ನು ಕೈಗೆತ್ತಿಕೊಂಡರು. ತಿರುಗಿಸಿ ತಿರುಗಿಸಿ ನೋಡಿದರು. ನನ್ನ ಕಡೆ ಒಮ್ಮೆ ನೋಡಿದರು. "ನಂದ್ರಿ ಬಾಯಾರ. ಅವತ್ತ ಮುಂಜಾನಿ ನಾನ ಹಾಕಿದ್ದು" ಅಂದರು. ನಾನು ಸುಮ್ಮನೆ ನಿಂತೆ. ಈ ಒಂದು ವಾಕ್ಯ ಬರೆಯಲು ನನಗೆ ಇಷ್ಟು ವರ್ಷ ಹಿಡಿಯಿತು. ನಾನು ಸುಮ್ಮನೆ ನಿಂತೆ.

ಆ ವಾರವೇ ಅವರು ಕೆಲಸ ಬಿಟ್ಟರು. ವರ್ಕ್‌ಶಾಪಿನ ಮಾಲೀಕರು ಬಿಡಬೇಡಿ ಎಂದರು, ಬಾಯಿಯವರೂ ಇಂಥದ್ದು ಯಾರಿಗಾದರೂ ಆಗುತ್ತದೆ ಎಂದು ಹೇಳಿ ಕಳಿಸಿದರು. ಮಿಸ್ತ್ರಿಯವರು ಕೇಳಲಿಲ್ಲ. ತಮ್ಮ ಹತಾರಗಳ ಚೀಲ ನನ್ನ ಮುಂದಿಟ್ಟು, "ಇನ್ನ ನೀನ ನೋಡ್ಕೊ" ಅಂದರು. ನಾನು ತೆಗೆದುಕೊಂಡೆ. ಮುಂದೆ ಖಾನಾಪುರದ ಲ್ಯಾಬಿನ ಕೆಲಸವೂ ನನಗೇ ಬಂತು. ಬಾಯಿಯವರು ಮರುವರ್ಷ ಮತ್ತೆ ಸಸಿ ಬೆಳೆಸಿದರು, ಪಾರಿಶ್ವಾಡದಲ್ಲಿ ಬಾಳೆಯೂ ಬೆಳೆಯಿತು.

ನನ್ನ ಮನಸ್ಸಿಗೆ ನಾನೇ ಒಂದು ಮುಲಾಮು ಮಾಡಿಕೊಂಡೆ. ಮಿಸ್ತ್ರಿಯವರಿಗೆ ಎಲ್ಲ ಗೊತ್ತಿತ್ತು, ಹೊಸ ಸಂಸಾರದವನೆಂದು ಕನಿಕರಪಟ್ಟು ನನ್ನ ತಪ್ಪನ್ನು ತಮ್ಮ ತಲೆಯ ಮೇಲೆ ಹೊತ್ತರು ಎಂದು. ನನ್ನ ಕಡೆ ಒಮ್ಮೆ ನೋಡಿದ್ದರಲ್ಲ, ಆ ನೋಟಕ್ಕೆ ನಾನು ಕೊಟ್ಟುಕೊಂಡ ಅರ್ಥ ಅದು. ಹೆಂಡತಿಗೂ ಹಾಗೆಯೇ ಹೇಳಿದೆ. "ದೇವರಂಥ ಮನಿಷ್ಯಾ" ಎಂದು ಅವಳ ಮುಂದೆ ಕಣ್ಣೀರೂ ಹಾಕಿದೆ. ಗುರು ಎಂದರೆ ಹೀಗಿರಬೇಕು ಎಂದು ಹೇಳಿಕೊಳ್ಳುವುದರಲ್ಲಿ ನನಗೆ ಒಂದು ಬಗೆಯ ಹೆಮ್ಮೆಯೇ ಇತ್ತು. ನಾನು ಎಂಥ ಹಲ್ಕಟ್ ಎಂಬುದು ಅದರಲ್ಲಿ ಚೆನ್ನಾಗಿ ಮುಚ್ಚಿಹೋಗುತ್ತಿತ್ತು.

ಏಳೆಂಟು ವರ್ಷ ಕಳೆದ ಮೇಲೆ ನನ್ನದೇ ಅಂಗಡಿ ತೆರೆಯುವ ದಿನ ನಿಶ್ಚಯವಾಯಿತು. ಮೊದಲ ಆಮಂತ್ರಣ ಮಿಸ್ತ್ರಿಯವರಿಗೇ ಎಂದುಕೊಂಡು ಒಂದು ಮಧ್ಯಾಹ್ನ ಗುಂಜಿಗೆ ಹೋದೆ. ಮನೆಯ ಹಿಂದೆಯೇ ಕಾಡು ಶುರು. ಅವರು ಎಮ್ಮೆಗೆ ನೀರು ಕುಡಿಸುತ್ತಿದ್ದರು. ಮುಪ್ಪಾಗಿದ್ದರು, ಆದರೆ ನನ್ನನ್ನು ಕಂಡು ಮುಖ ಅರಳಿತು. "ಬಾರಪಾ, ಬಾ. ಕುಂದರು" ಎಂದು ಕಟ್ಟೆಯ ಮೇಲೆ ಚಾದರ ಹಾಸಿದರು.

ಒಳಗೆ ಪಡಸಾಲೆ ಕತ್ತಲಾಗಿತ್ತು. ಬಲ್ಬು ಹೋಗಿದೆ ಎಂದು ಅವರ ಹೆಂಡತಿ ಅಂದರು. ಬಾಜು ಮನೆಯವರು ಊರಿಂದ ಬಂದ ಮೇಲೆ ಹಾಕಿಸಬೇಕಂತೆ. ನಾನು ನಕ್ಕು, "ಮನ್ಯಾಗ ಮಿಸ್ತ್ರಿಯಾರು ಇರೂತನಕ ಬಾಜುದವರು ಯಾಕ್ರಿ ಅಕ್ಕಾರ?" ಅಂದೆ. ಅಕ್ಕ ನಗಲಿಲ್ಲ.

"ಕರೆಂಟಿನ ಸಾಮಾನು ಮುಟ್ಟಾಂಗೇ ಇಲ್ಲಪಾ ಇವ್ರು. ನನ್ನ ನೆನಪಿನ ಮ್ಯಾಲ ನನಗ ಭರೋಸಾ ಇಲ್ಲ ಅಂತಾರ. ಕೀಲಿ ಹಾಕಿದ್ರೂ ಮೂರ ಮೂರ ಸಲ ತಿರುಗಿ ಬಂದ ನೋಡ್ತಾರ. ಎಮ್ಮಿ ಕಟ್ಟೇನೋ ಇಲ್ಲೋ ಅಂತ ನಟ್ಟ ನಡುರಾತ್ರ್ಯಾಗ ನನ್ನ ಕೇಳ್ತಾರ. ಆ ಖಾನಾಪುರದ ಸಸಿ ಸತ್ತಾಗಿಂದ ಹಿಂಗ."

ನನ್ನ ಕೈಯಲ್ಲಿದ್ದ ಆಮಂತ್ರಣ ಪತ್ರಿಕೆ ಹಾಗೇ ಉಳಿಯಿತು. ಮಿಸ್ತ್ರಿಯವರು ಹೆಂಡತಿಯ ಮಾತಿಗೆ ಸಿಟ್ಟಾಗಲಿಲ್ಲ, ನಾಚಿಕೊಂಡರು. "ಖರೇ ಐತಿ ಬಿಡು. ತಂತಿ ತಗದದ್ದು ನನಗ ಕಣ್ಣಿಗೆ ಕಟ್ಟಿದಂಗಿತ್ತು. ತಗದು ಅಂಗಿ ಕಿಸೇದಾಗ ಹಾಕ್ಕೊಂಡದ್ದು ಸುದ್ದಾ ನೆನಪಿತ್ತು. ಆದರ ನೀ ಬಾಯಿ ಬಿಟ್ಟು ನಂದೇನೂ ಇಲ್ಲ ಅಂದಿದ್ದಿ. ನೀ ಸುಳ್ಳ ಹೇಳಾಂವ ಅಲ್ಲ. ಹಂಗಾದ್ರ ಉಳದದ್ದು ನಂದ ಅಲ್ಲೇನು? ಇಲ್ಲದ್ದು ನೆನಪಿಗೆ ಬರೂ ತಲೀ ಇದು. ನಾಳೆ ಯಾರದರ ಜೀವ ತಗದೀತು ಅಂತ ಬಿಟ್ಟಬಿಟ್ಟೆ."

ಅವರು ನನ್ನನ್ನು ಕಾಪಾಡಿರಲಿಲ್ಲ. ಅವರಿಗೆ ಏನೂ ಗೊತ್ತೇ ಇರಲಿಲ್ಲ. ತಮ್ಮ ಕಣ್ಣು ಕಂಡದ್ದನ್ನು, ಕೈ ಮಾಡಿದ್ದನ್ನು ಬಿಟ್ಟು ಅವರು ನನ್ನ ಮಾತನ್ನು ನಂಬಿದ್ದರು. ಇಷ್ಟು ವರ್ಷ ನಾನು ಅವರನ್ನು ದೇವರು ಎಂದು ಹೊಗಳಿಕೊಂಡು ಓಡಾಡುವಾಗ, ಅವರು ತಮ್ಮ ತಲೆ ಕೆಟ್ಟಿದೆ ಎಂದು ಹೆದರಿ ಕತ್ತಲ ಮನೆಯಲ್ಲಿ ಕೂತಿದ್ದರು.

ಹೇಳಿದೆ. ಹೇಗೆ ಹೇಳಿದೆನೋ, ಹಿಂದುಮುಂದಾಗಿ ಹೇಳಿದೆ. ಅವರು ಅಂಗಳದಲ್ಲಿದ್ದಾಗ ನಾನು ತಂತಿ ಹಾಕಿದ್ದು, ನೋಡದೆ ಮಾತು ಕೊಟ್ಟದ್ದು, ದೇಸೂರಿನಲ್ಲಿ ನೆನಪಾಗಿಯೂ ಇಳಿಯದಿದ್ದದ್ದು. ಹೊಡೆಯಲಿ ಎಂದು ಕಾದೆ. ಖರೇ ಹೇಳುತ್ತೇನೆ, ಹೊಡೆದಿದ್ದರೆ ನಾನು ಆ ಕಟ್ಟೆಯಿಂದ ಹಗುರಾಗಿ ಎದ್ದು ಬರುತ್ತಿದ್ದೆ.

ಆದರೆ ಅವರ ಮುಖದ ಮೇಲೆ ಬಂದದ್ದು ಸಿಟ್ಟಲ್ಲ, ಸಂತೋಷ. ಒಳಗೆ ಹೋಗಿದ್ದ ಹೆಂಡತಿಯನ್ನು ಜೋರಾಗಿ ಕೂಗಿದರು. "ಏ, ಇಲ್ಲಿ ಬಾ! ಕೇಳಿದಿ? ನಾ ತಗದಿದ್ದೆ ಅಂತ! ಅದು ನಂದಲ್ಲಂತ!"

ಅಕ್ಕ ಚಹಾದ ಬಸಿ ಕೈಯಲ್ಲಿ ಹಿಡಿದು ಬಾಗಿಲಲ್ಲಿ ನಿಂತರು. ಗಂಡನ ಕಡೆ ನೋಡಿದರು, ನನ್ನ ಕಡೆ ನೋಡಿದರು. ಮಿಸ್ತ್ರಿಯವರು ಇನ್ನೂ ನಗುತ್ತಲೇ ಇದ್ದರು, ನಗುತ್ತ ನಗುತ್ತ ಕಣ್ಣು ಒರೆಸಿಕೊಳ್ಳುತ್ತಿದ್ದರು. "ನನ್ನ ತಲೀ ನೆಟ್ಟಗ ಐತಿ" ಎಂದು ಮತ್ತೆ ಮತ್ತೆ ಹೇಳುತ್ತಿದ್ದರು. ಅಕ್ಕ ಬಸಿಯನ್ನು ನನ್ನ ಪಕ್ಕದಲ್ಲಿಟ್ಟು ಮೆಲ್ಲಗೆ ಕೇಳಿದರು.

"ಇಷ್ಟ ವರ್ಷ ಗುಂಜಿಗೆ ದಿನಾ ರೈಲು ಬರ್ತಿತ್ತಲ್ಲಪಾ?"